ಸ್ಫೂರ್ತಿಯ ವೇಳಾಪಟ್ಟಿ

ಗಂಗೂಬಾಯಿ ಹಾನಗಲ್ಲರ ಗಾಯನದ ಶ್ರೇಯಸ್ಸಿನಲ್ಲಿ ಒಂದು ಪಾಲು ರೈಲ್ವೆ ಇಲಾಖೆಗೂ ಸಲ್ಲಬೇಕು. 1930ರ ದಶಕದ ಕೊನೆಯಲ್ಲಿ ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಸವಾಯಿ ಗಂಧರ್ವರಲ್ಲಿ ಕಲಿತರು. ಗುರುಗಳು ನಾಟಕ ಕಂಪನಿಗಳ ತಿರುಗಾಟ ಮುಗಿಸಿ ಸ್ವಂತ ಊರಲ್ಲಿ ನೆಲೆ ನಿಂತಿದ್ದರು. ಶಿಷ್ಯೆಗೆ ಮನೆಯ ಜವಾಬ್ದಾರಿ, ಮಕ್ಕಳು, ಹಾಡಿಯೇ ಗಳಿಸಬೇಕಾದ ಅನಿವಾರ್ಯ. ಮರಳುವ ರೈಲಿನ ಹೊತ್ತು ಗೊತ್ತಿದ್ದದ್ದರಿಂದ ಪಾಠಕ್ಕೊಂದು ಅಂಚು ಸಿಕ್ಕಿತು. ಆ ಅಂಚಿನೊಳಗೆ ಸಿಕ್ಕಿದ್ದು ರಾಗಗಳ ರಾಶಿಯಲ್ಲ, ಕೆಲವೇ ಸ್ವರಗಳ ಒಂದೊಂದು ತುಣುಕು. ಗುರು ಅದನ್ನೇ ತಿದ್ದಿಸಬೇಕು, ಶಿಷ್ಯೆ ಮನೆಗೆ ಹೋಗಿ ಅದನ್ನೇ ಉಜ್ಜಬೇಕು. ಮುಂದೆ ಅವರ ಕಛೇರಿಗಳಲ್ಲಿ ಕೇಳುಗರು ಮೆಚ್ಚಿದ ಗುಣ, ಅಂದರೆ ಒಂದು ಸ್ವರವನ್ನು ಬಿಟ್ಟು ಇನ್ನೊಂದಕ್ಕೆ ಹೋಗಲು ಒಂದಿಷ್ಟೂ ಅವಸರವಿಲ್ಲದ ಆ ನಿಧಾನ, ಈ ಕಲಿಕೆಯ ಕ್ರಮದಲ್ಲೇ ಹುಟ್ಟಿತ್ತು.

ಅದೇ ಗುರುವಿನ ಮನೆಯಲ್ಲಿ ಗದಗಿನ ಹುಡುಗ ಭೀಮಸೇನ ಜೋಶಿ ಬೇರೆಯೇ ರೀತಿಯಲ್ಲಿ ಕಲಿತರು. 1933ರಲ್ಲಿ ಹನ್ನೊಂದರ ವಯಸ್ಸಿಗೆ ಮನೆ ಬಿಟ್ಟು, ಟಿಕೆಟ್ಟಿಲ್ಲದೆ ರೈಲು ಹತ್ತಿ ಇಳಿದು, ಗ್ವಾಲಿಯರ್ ಎಂದು ಜಲಂಧರ್ ಎಂದು ಗುರುವನ್ನು ಹುಡುಕಿ ಅಲೆದವರು ಕೊನೆಗೆ ಬಂದು ಸೇರಿದ್ದು ತಮ್ಮೂರಿನ ಹತ್ತಿರದ ಕುಂದಗೋಳಕ್ಕೆ. ಅಲ್ಲಿ ನೀರು ಹೊರುವುದು, ಮನೆಗೆಲಸ ಮಾಡುವುದು, ಗುರುವಿನ ಲಹರಿ ಕಾಯುವುದು, ಉಳಿದ ಹೊತ್ತಿನಲ್ಲಿ ಬೇರೆಯವರ ಪಾಠ ಕೇಳಿಸಿಕೊಳ್ಳುವುದು. ಗುರು ಒಬ್ಬರೇ, ಶಿಷ್ಯರ ದಿನಚರಿ ಎರಡು ಬಗೆ. ಹೊರಬಂದ ಗಾಯನವೂ ಎರಡು ಬಗೆ.

ಕಲಾವಿದರು ಎದುರು ಸಿಕ್ಕರೆ ಸಂದರ್ಶಕರು ಮೊದಲು ಕೇಳುವುದು ‘ಇದು ನಿಮಗೆ ಹೊಳೆದದ್ದು ಹೇಗೆ’ ಎಂದು. ಹೊಳೆಯುವುದು ಅಪರೂಪದ ಸಂಗತಿಯೇನಲ್ಲ. ಬಸ್ಸಿನಲ್ಲಿ ಕೂತವರಿಗೂ ಕತೆ ಹೊಳೆಯುತ್ತದೆ, ಬಚ್ಚಲಲ್ಲಿ ನಿಂತವರಿಗೂ ರಾಗ ಹೊಳೆಯುತ್ತದೆ. ಹೊಳೆದದ್ದರ ಬೆನ್ನು ಹತ್ತಿ ಮಾರನೆಯ ದಿನ, ಮರುವರ್ಷ, ಮೂವತ್ತು ವರ್ಷದ ಮೇಲೂ ಕೂರುವುದಿದೆಯಲ್ಲ, ಅದಕ್ಕೆ ಬೇಕಾದದ್ದು ಏನು? ಕನ್ನಡ ನಾಡಿನ ಸಂಗೀತ, ಸಾಹಿತ್ಯ, ಬಯಲಾಟ, ಚಿತ್ರ, ಕುಸುರಿಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಸಿಗುವ ಉತ್ತರ ಅಷ್ಟೇನೂ ರಮ್ಯವಾದುದಲ್ಲ. ಕಲಾವಿದನ ಛಲ, ಪ್ರತಿಭೆಗಳಿಗಿಂತ ಹೆಚ್ಚಾಗಿ ಅವನ ಸುತ್ತ ಇರುವ ಏರ್ಪಾಡು ಈ ಕೆಲಸ ಮಾಡುತ್ತದೆ. ಕಾಯುವವರೊಬ್ಬರು, ದಾಟಲಾಗದ ಒಂದು ಗಡುವು, ಸಂಬಳ ಬರುವ ಒಂದು ಜಾಗ, ನಡುವೆ ಒಂದು ಬಿಡುವು. ಏರ್ಪಾಡು ತಪ್ಪಿದ ಕಡೆ ದೊಡ್ಡ ಪ್ರತಿಭೆಗಳೂ ಸೊರಗಿವೆ.

ಹಾಗೆಂದು ಸ್ಫೂರ್ತಿಯ ಕತೆಗಳೆಲ್ಲ ಸುಳ್ಳೆಂದು ತಳ್ಳಿಹಾಕುವ ಹಾಗಿಲ್ಲ. ಗಿರೀಶ ಕಾರ್ನಾಡರು ‘ಯಯಾತಿ’ ಬರೆದದ್ದು 1960ರಲ್ಲಿ, ಆಕ್ಸ್‌ಫರ್ಡಿಗೆ ಹೊರಡುವ ಮುನ್ನದ ವಾರಗಳಲ್ಲಿ. ಇಂಗ್ಲಿಷಿನಲ್ಲಿ ಕವಿಯಾಗಬೇಕೆಂದಿದ್ದ ಯುವಕ ಕನ್ನಡದಲ್ಲಿ ನಾಟಕ ಬರೆಯುತ್ತ ಕೂತಿದ್ದ. ರಾಜಾಜಿಯವರ ಮಹಾಭಾರತ ಓದುತ್ತಿದ್ದಾಗ ಪಾತ್ರಗಳು ತಾವೇ ಮಾತಾಡತೊಡಗಿದವು, ತಾವು ಕೇವಲ ಬರೆದುಕೊಂಡದ್ದು ಎಂಬ ಅರ್ಥದಲ್ಲಿ ಅವರು ಹೇಳಿಕೊಂಡಿದ್ದಾರೆ. ಆದರೆ ಆ ಕಿವಿಯನ್ನು ತಯಾರು ಮಾಡಿದ್ದು ಶಿರಸಿಯ ಬಾಲ್ಯ: ಊರಿಗೆ ಬರುತ್ತಿದ್ದ ಕಂಪನಿ ನಾಟಕಗಳು, ಮನೆಯ ಆಳುಗಳ ಜೊತೆ ಹೋಗಿ ನೋಡಿದ ಯಕ್ಷಗಾನ. ಹಡಗು ಹೊರಡುವ ದಿನ ನಿಗದಿಯಾಗಿತ್ತು ಎಂಬುದನ್ನೂ ಮರೆಯಬಾರದು.

ಬರೆದದ್ದನ್ನು ಕೈಗೆತ್ತಿಕೊಳ್ಳಲು ಒಬ್ಬರಿದ್ದರು ಎಂಬುದು ಇನ್ನೂ ಮುಖ್ಯ. 1933ರಲ್ಲಿ ಜಿ.ಬಿ. ಜೋಶಿಯವರು ಧಾರವಾಡದಲ್ಲಿ ಶುರು ಮಾಡಿದ ಮನೋಹರ ಗ್ರಂಥಮಾಲೆಯ ‘ಅಟ್ಟ’ ಪುಸ್ತಕ ಮಾರುವ ಜಾಗ ಮಾತ್ರವಾಗಿರಲಿಲ್ಲ. ಏಣಿಯಂಥ ಮೆಟ್ಟಿಲು ಹತ್ತಿ ಹೋದರೆ ಹಸ್ತಪ್ರತಿ ಓದುವವರು, ಜಗಳವಾಡುವವರು, ‘ಇದು ಆಗೂದಿಲ್ಲ’ ಎಂದು ಮುಖಕ್ಕೇ ಹೇಳುವವರು ಅಲ್ಲಿ ಕೂತಿರುತ್ತಿದ್ದರು. ಕೀರ್ತಿನಾಥ ಕುರ್ತಕೋಟಿಯವರ ಜೊತೆಗಿನ ಮಾತುಕತೆ ಕಾರ್ನಾಡರನ್ನು ಇತಿಹಾಸದ ಕಡೆಗೆ ತಿರುಗಿಸಿತು; 1964ರಲ್ಲಿ ‘ತುಘಲಕ್’ ಬಂತು. ‘ಹಯವದನ’ದ ಹುಟ್ಟೂ ಇಂಥದ್ದೇ. ಥಾಮಸ್ ಮಾನ್ ಮರುಬರೆದ ತಲೆ ಅದಲುಬದಲಾಗುವ ಕತೆಯನ್ನು ಸಿನಿಮಾ ಮಾಡಬಹುದೆಂದು ಕಾರ್ನಾಡರು ಬಿ.ವಿ. ಕಾರಂತರಿಗೆ ಹೇಳಿದಾಗ, ಇದು ನಾಟಕದ ವಸ್ತು ಎಂದವರು ಕಾರಂತರು. ಆಮೇಲೆ ಅದಕ್ಕೆ ಭಾಗವತ ಬಂದ, ಅರ್ಧಪಟಿ ಬಂತು, ಗಣಪತಿಯ ಪೂಜೆಯೂ ಬಂತು. ಒಬ್ಬನ ತಲೆಗೆ ಇನ್ನೊಬ್ಬನ ದೇಹ ಅಂಟುವ ನಾಟಕ ತಾನೂ ಹಾಗೆಯೇ ಅಂಟಿಕೊಂಡು ಹುಟ್ಟಿದ್ದು ತಮಾಷೆಯಾಗಿಯೇ ಇದೆ.

ಗಡುವಿನ ಮಹಿಮೆಗೆ ಕನ್ನಡದಲ್ಲಿ ಸಿಗುವ ಒಳ್ಳೆಯ ಸಾಕ್ಷಿ ಪಿ. ಲಂಕೇಶ್. 1980ರ ಜುಲೈಯಲ್ಲಿ ‘ಲಂಕೇಶ್ ಪತ್ರಿಕೆ’ ಶುರುವಾದಾಗ ಒಬ್ಬ ಒಳ್ಳೆಯ ಕತೆಗಾರ ಪತ್ರಿಕೋದ್ಯಮಕ್ಕೆ ಬಲಿಯಾದ ಎಂದು ಮರುಗಿದವರಿದ್ದರು. ಆದದ್ದು ಬೇರೆ. ವಾರವಾರವೂ ಪುಟ ತುಂಬಲೇಬೇಕಾದ ಒತ್ತಡದಲ್ಲಿ ‘ನೀಲು’ ಹುಟ್ಟಿದಳು. ಪತ್ರಿಕೆಯ ಮೂಲೆಯಲ್ಲಿ ಹಿಡಿಸುವಷ್ಟೇ ಗಾತ್ರದ, ಹೆಣ್ಣೊಬ್ಬಳ ದನಿಯಲ್ಲಿ ಬರುವ, ತುಂಟತನ ವಿಷಾದ ಎರಡನ್ನೂ ನಾಲ್ಕೈದು ಸಾಲಿನಲ್ಲಿ ಮುಗಿಸುವ ಪದ್ಯಗಳವು. ಪುರುಸೊತ್ತಾಗಿ ಕೂತು ಯೋಚಿಸಿದ್ದರೆ ಲಂಕೇಶರಂಥ ಗದ್ಯಪ್ರೇಮಿ ಇಂಥ ಒಂದು ಪ್ರಕಾರ ಕಂಡುಕೊಳ್ಳುತ್ತಿದ್ದರೇ ಎಂಬುದು ಅನುಮಾನ. ಮೈಸೂರಿನ ಆರ್.ಕೆ. ಲಕ್ಷ್ಮಣ್ ದಶಕಗಳ ಕಾಲ ಮುಂಬಯಿಯ ಪತ್ರಿಕೆಗೆ ದಿನಕ್ಕೊಂದು ಕಿರುವ್ಯಂಗ್ಯಚಿತ್ರ ಕೊಟ್ಟದ್ದೂ ಇದೇ ಜಾತಿಯ ಕೆಲಸ. ಅವರ ಚೌಕುಳಿ ಕೋಟಿನ ಸಾಮಾನ್ಯ ಮನುಷ್ಯ ಎಂದೂ ಮಾತಾಡಲಿಲ್ಲ. ದಿನಾ ಬರೆಯುವವನಿಗೆ ಬದಲಾಗದ ಒಂದು ಪಾತ್ರವಿದ್ದರೆ ಅರ್ಧ ಕೆಲಸ ಮುಗಿದಿರುತ್ತದೆ ಎಂಬ ಒಳಗುಟ್ಟು ಲಕ್ಷ್ಮಣರಿಗೆ ಗೊತ್ತಿತ್ತು.

ಇದಕ್ಕೆ ತದ್ವಿರುದ್ಧ ತುದಿಯಲ್ಲಿ ಕುವೆಂಪು ಇದ್ದಾರೆ. ‘ಶ್ರೀ ರಾಮಾಯಣ ದರ್ಶನಂ’ ಬರೆಯಲು ಅವರಿಗೆ ಸುಮಾರು ಒಂಬತ್ತು ವರ್ಷ ಹಿಡಿಯಿತು. ಯಾವ ಸಂಪಾದಕನೂ ಬಾಗಿಲು ತಟ್ಟುತ್ತಿರಲಿಲ್ಲ. ಕಾಲೇಜಿನ ಪಾಠ, ಸಂಸಾರ, ಬೇರೆ ಬರೆಹಗಳ ನಡುವೆ ಅಷ್ಟು ದೀರ್ಘಕಾಲ ಒಂದು ಕಾವ್ಯದ ಎಳೆ ಕಡಿಯದೆ ಉಳಿದದ್ದು ಹೇಗೆ? ಒಂದು ಊಹೆ: ಅವರು ರೂಪಿಸಿಕೊಂಡ ಮಹಾಛಂದಸ್ಸೇ ಅವರ ಏರ್ಪಾಡು. ಲಯ ಒಮ್ಮೆ ಕೈಗೆ ಹತ್ತಿದ ಮೇಲೆ ಯಾವತ್ತು ಕೂತರೂ ನಿಲ್ಲಿಸಿದ ಕಡೆಯಿಂದ ಒಳಹೋಗಲು ಬಾಗಿಲು ತೆರೆದಿರುತ್ತದೆ. ಎಸ್.ಎಲ್. ಭೈರಪ್ಪನವರ ದಾರಿ ಇನ್ನೊಂದು. 1979ರ ‘ಪರ್ವ’ಕ್ಕಾಗಿ ಅವರು ಹಿಮಾಲಯದ ತಪ್ಪಲಿನ ಬಹುಪತಿತ್ವದ ಪದ್ಧತಿಯಿದ್ದ ಊರುಗಳವರೆಗೆ ಹೋಗಿ ಬಂದರು. ಓದು, ತಿರುಗಾಟ, ಟಿಪ್ಪಣಿಗಳದೇ ವರ್ಷಗಟ್ಟಲೆ ಕೆಲಸ, ಬರವಣಿಗೆ ಆಮೇಲೆ. ಅವರ ಕಾದಂಬರಿಗಳ ಬಗ್ಗೆ ಎಷ್ಟೇ ತಕರಾರಿದ್ದರೂ ಈ ಪೂರ್ವಸಿದ್ಧತೆಯ ಶಿಸ್ತನ್ನು ಅಲ್ಲಗಳೆದವರಿಲ್ಲ.

ಪ್ರಯೋಗಶಾಲೆ ಎಂದರೆ ಏನೆಂದು ನೋಡಬೇಕಾದವರು ಕರಾವಳಿಯ ಮಳೆಗಾಲಕ್ಕೆ ಹೋಗಬೇಕು. ತುಳುವರ ಬೇಶ ತಿಂಗಳ ಹತ್ತನೆಯ ದಿನ, ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಯಕ್ಷಗಾನದ ತೆಂಕುತಿಟ್ಟಿನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಆರು ತಿಂಗಳು ರಾತ್ರಿಯೆಲ್ಲ ಕುಣಿದ ಕಲಾವಿದರು ಮನೆ ಸೇರುತ್ತಾರೆ. ಹೊರಗೆ ಸುರಿಮಳೆ, ಗದ್ದೆ ಕೆಲಸ. ಒಳಗೆ, ಯಾರದೋ ಮನೆಯ ಚಾವಡಿಯಲ್ಲೋ ದೇವಸ್ಥಾನದ ಸಭಾಂಗಣದಲ್ಲೋ ತಾಳಮದ್ದಳೆ. ವೇಷವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಭಾಗವತರು, ಮದ್ದಳೆ, ಚೆಂಡೆ, ಎದುರುಬದುರಾಗಿ ಕೂತ ಅರ್ಥಧಾರಿಗಳು, ಬಿಳಿ ಪಂಚೆ, ಹೆಗಲ ಮೇಲೊಂದು ಶಾಲು. ಭಾಗವತರು ಪ್ರಸಂಗದ ಪದ್ಯ ಹಾಡಿ ನಿಲ್ಲಿಸಿದರೆ ಅಲ್ಲಿಂದ ಮುಂದಿನದು ಅರ್ಥಧಾರಿಯ ಪಾಡು. ಬರೆದುಕೊಟ್ಟ ಸಂಭಾಷಣೆ ಒಂದಕ್ಷರವೂ ಇಲ್ಲ.

ವಾಲಿವಧೆಯ ಪ್ರಸಂಗವನ್ನೇ ತೆಗೆದುಕೊಳ್ಳಿ. ಬಾಣ ನೆಟ್ಟು ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ಪ್ರಶ್ನೆ ಪ್ರತಿಸಲವೂ ಇದೇ, ಕತೆಯ ಕೊನೆಯೂ ಇದೇ. ಆದರೆ ಇವತ್ತಿನ ವಾಲಿ ಯಾವ ಕಡೆಯಿಂದ ತರ್ಕ ಹೂಡುತ್ತಾನೆ ಎಂಬುದು ಎದುರಿಗೆ ಕೂತ ರಾಮನಿಗೆ ಗೊತ್ತಿರುವುದಿಲ್ಲ. ರಾಜಧರ್ಮದಿಂದ ಹಿಡಿದಾನೋ, ನಿನ್ನ ಹೆಂಡತಿಯನ್ನು ಹುಡುಕಿಕೊಡಲು ನಾನೊಬ್ಬನೇ ಸಾಕಿತ್ತಲ್ಲ ಎಂದು ಚುಚ್ಚಿಯಾನೋ, ಕಪಿಗೆ ಮನುಷ್ಯರ ನೀತಿ ಎಲ್ಲಿಂದ ಬಂತು ಎಂದು ಮೂದಲಿಸಿಯಾನೋ. ರಾಮ ಉತ್ತರ ಕಟ್ಟಬೇಕು, ಪಾತ್ರದ ಘನತೆ ಬಿಡಬಾರದು, ಕತೆಯನ್ನು ದಡಕ್ಕೆ ತರಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರು, ಮಲ್ಪೆಯ ಶಂಕರನಾರಾಯಣ ಸಾಮಗ, ರಾಮದಾಸ ಸಾಮಗ ಸಹೋದರರು ಈ ಕಲೆಯನ್ನು ಎಲ್ಲಿಗೆ ಒಯ್ದರೆಂದರೆ, ಅವರ ವಾದ ಕೇಳಲೆಂದೇ ಜನ ಮಳೆಯಲ್ಲಿ ಮೈಲಿಗಟ್ಟಲೆ ನಡೆದು ಬರುತ್ತಿದ್ದರು. ಆಶುವಾಗಿ ಕಂಡದ್ದರ ಹಿಂದೆ ಪುರಾಣಗಳ ಓದು, ಬಾಯಿಪಾಠದ ಶ್ಲೋಕಗಳು, ಹಿಂದಿನ ವರ್ಷ ಸೋತ ಒಂದು ವಾದದ ನೆನಪು ಎಲ್ಲ ಇರುತ್ತಿತ್ತು. ಮಳೆಗಾಲದಲ್ಲಿ ಹೀಗೆ ಮಸೆದುಕೊಂಡ ಮಾತು ದೀಪಾವಳಿ ಕಳೆದು ಮೇಳ ಹೊರಟಾಗ ರಂಗಸ್ಥಳಕ್ಕೆ ಏರುತ್ತಿತ್ತು. ಬಿಡುವು ಎಂಬುದನ್ನು ಇಷ್ಟು ಜಾಣತನದಿಂದ ಬಳಸಿಕೊಂಡ ಇನ್ನೊಂದು ಕಲೆ ಈ ನಾಡಿನಲ್ಲಿ ಇದ್ದ ಹಾಗಿಲ್ಲ.

ಕೈಕಸುಬಿನ ಕಲೆಗಳಲ್ಲಿ ಏರ್ಪಾಡು ವಸ್ತುವಿನೊಳಗೇ ಇರುತ್ತದೆ. ಬೀದರಿನ ಬಿದರಿ ಕುಶಲಕರ್ಮಿ ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ, ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನಯ ಮಾಡುತ್ತಾನೆ. ಗೆರೆ ಕಾಣಿಸಲೆಂದು ಮೈಲುತುತ್ತದ ನೀರು ಸವರಿ ಮೇಲ್ಮೈಯನ್ನು ತಾತ್ಕಾಲಿಕವಾಗಿ ಕಪ್ಪಾಗಿಸಿ, ಕೈಯಿಂದಲೇ ಬಳ್ಳಿ ಎಳೆದು, ಉಳಿಯಿಂದ ಕೊರೆದು, ಆ ಸಂದಿಗೆ ಬೆಳ್ಳಿಯ ತಂತಿ ಕೂರಿಸಿ ಬಡಿಯುತ್ತಾನೆ. ಮತ್ತೆ ಉಜ್ಜಿದಾಗ ಲೋಹವೂ ಬೆಳ್ಳಿಯೂ ಒಂದೇ ಬಣ್ಣವಾಗಿ, ಅಷ್ಟು ಹೊತ್ತಿನ ಕೆಲಸ ಕಣ್ಣಿಗೆ ಬೀಳುವುದೇ ಇಲ್ಲ! ಕೊನೆಯಲ್ಲಿ ಪಾತ್ರೆಯನ್ನು ಬಿಸಿ ಮಾಡಿ, ಹಳೆಯ ಕೋಟೆಯ ಮಣ್ಣನ್ನು ನವಸಾಗರದ ಜೊತೆ ಕಲಸಿ ತಿಕ್ಕಿದಾಗ ಸತುವಿನ ಮೈ ಖಾಯಂ ಕಪ್ಪಾಗಿ ಬೆಳ್ಳಿ ಮಾತ್ರ ಹೊಳೆದು ನಿಲ್ಲುತ್ತದೆ. ಯಾವ ಮಣ್ಣು ಆದೀತು ಎಂದು ನಾಲಿಗೆಗೆ ತಾಗಿಸಿ ನೋಡುವ ರೂಢಿಯೂ ಇದೆ. ತಾನು ಬಿಡಿಸಿದ್ದನ್ನು ಕೊನೆಯ ಗಳಿಗೆಯವರೆಗೂ ಪೂರ್ತಿ ಕಾಣದೆ ದುಡಿಯುವುದು ಇವನ ದಿನನಿತ್ಯದ ಸ್ಥಿತಿ. ಈ ಕೆಲಸದಲ್ಲಿ ಜೀವನ ಸವೆಸಿದ ಬೀದರಿನ ರಶೀದ್ ಅಹಮದ್ ಕಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ಧಾರವಾಡದ ಕಡೆಯ ಕಸೂತಿಯ ಕಟ್ಟುಪಾಡು ಇನ್ನೂ ಬಿಗಿ. ಬಟ್ಟೆಯ ಮೇಲೆ ಪೆನ್ಸಿಲ್ ಗೆರೆ ಇಲ್ಲ, ಗಂಟು ಹಾಕುವಂತಿಲ್ಲ, ಎಳೆ ಎಣಿಸುತ್ತ ಹೋಗಬೇಕು. ಗವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕೇ ಹೊಲಿಗೆಗಳಲ್ಲಿ ತೇರು, ಗೋಪುರ, ತುಳಸಿಕಟ್ಟೆ, ಆನೆ ಎಲ್ಲ ಮೂಡಬೇಕು. ಗವಂತಿ ಹಾಕಿದ ಬಟ್ಟೆ ಹಿಂದೆ ಮುಂದೆ ಒಂದೇ ಥರ ಕಾಣಬೇಕು. ಇಷ್ಟು ನಿರ್ಬಂಧದಲ್ಲಿ ಹೊಸದೇನು ಮಾಡಲು ಸಾಧ್ಯ ಎಂದು ಕೇಳುವವರು ಹಳೆಯ ಇಳಕಲ್ ಸೀರೆಗಳ ಸೆರಗುಗಳನ್ನು ಹಾಸಿ ನೋಡಬೇಕು. ಒಂದೇ ತೇರು ಎರಡು ಸೀರೆಗಳಲ್ಲಿ ಒಂದೇ ರೀತಿ ಸಿಗುವುದು ಕಷ್ಟ.

ಒಂದು ಕಲೆ ಮೊಂಡಾದಾಗ ಇನ್ನೊಂದು ಕಲೆಯ ಸಾಣೆ ಹಿಡಿದವರ ಪಟ್ಟಿಯೂ ದೊಡ್ಡದಿದೆ. ಉಡುಪಿ ಹತ್ತಿರದ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರ್ ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು ಚಿತ್ರಕಾರರಾಗಿ ಹೆಸರಾದ ಮೇಲೂ ಕಥಕ್ ಕಲಿಯಲು ಹೋದರು. ವೇದಿಕೆ ಹತ್ತುವ ಆಸೆಯಿಂದಲ್ಲ, ಲಯ ಎಂಬುದು ಮೈಯಲ್ಲಿ ಹೇಗಿರುತ್ತದೆ ಎಂದು ತಿಳಿಯಲಿಕ್ಕೆ. ಅವರ ಹೆಸರಾಂತ ರೇಖಾಚಿತ್ರಗಳಲ್ಲಿ ಕೈ ಎತ್ತದೆ ಎಳೆದಂತೆ ತೋರುವ ಗೆರೆ ಎಲ್ಲಿ ದಪ್ಪವಾಗಿ ಎಲ್ಲಿ ತೆಳುವಾಗುತ್ತದೆ ಎಂದು ಗಮನಿಸಿದರೆ ಆ ಕಲಿಕೆ ಎಲ್ಲಿ ಸೇರಿದೆ ಎಂಬುದು ಗೊತ್ತಾಗುತ್ತದೆ. ಅವರಿಗಿಂತ ಹಿಂದಿನ ತಲೆಮಾರಿನ ಕೆ. ವೆಂಕಟಪ್ಪನವರದು ಬೇರೆ ಕತೆ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಶಿಷ್ಯರಾಗಿ ಮೈಸೂರಿಗೆ ಮರಳಿದವರು ವೀಣೆ ಶೇಷಣ್ಣನವರಲ್ಲಿ ವೀಣೆ ಹಿಡಿದರು. ಆ ಸಾಧನೆ ಚಿತ್ರಕಲೆಯನ್ನೇ ಪಕ್ಕಕ್ಕೆ ಸರಿಸುವಷ್ಟು ತೀವ್ರವಾಗಿತ್ತು. ನಷ್ಟವಾಯಿತೆಂದು ಆಗ ಅನ್ನಿಸಿದ್ದರೆ ತಪ್ಪಲ್ಲ. ಆದರೆ ಆಮೇಲೆ ಬಂದ ಊಟಿ, ಕೊಡೈಕೆನಾಲಿನ ಜಲವರ್ಣಗಳಲ್ಲಿ ಮಂಜು, ಬೆಳುದಿಂಗಳು, ಮೋಡಗಳು ಒಂದರೊಳಗೊಂದು ಕರಗುವ ರೀತಿಯನ್ನು ಕಂಡವರಿಗೆ ವೀಣೆಯ ವರ್ಷಗಳು ವ್ಯರ್ಥವಾದವೆಂದು ಹೇಳುವ ಧೈರ್ಯ ಬರುವುದಿಲ್ಲ.

ಈ ಕಲೆಯಿಂದ ಆ ಕಲೆಗೆ ಜಿಗಿಯುವುದರಲ್ಲಿ ಶಿವರಾಮ ಕಾರಂತರನ್ನು ಮೀರಿಸಿದವರು ಯಾರು? ಕಾದಂಬರಿಗಳೇ 47. ಅದರ ಜೊತೆಗೆ ‘ಬಾಲ ಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳಂಥ ವಿಶ್ವಕೋಶಗಳು, ಮೂಕಿಚಿತ್ರ, ನೃತ್ಯ, ಚಿತ್ರಕಲೆ, ಪುತ್ತೂರಿನ ಬಾಲವನ. ಆತ್ಮಕಥೆಗೆ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದು ಹೆಸರಿಟ್ಟದ್ದು ವಿನಯವೂ ಅಲ್ಲ, ಜಂಬವೂ ಅಲ್ಲ, ಲೆಕ್ಕ. ಒಂದು ಮುಖ ದಣಿದಾಗ ಇನ್ನೊಂದಕ್ಕೆ ಕೆಲಸ ಹಚ್ಚುವುದು ಅವರ ಕ್ರಮ. ಆದರೆ ಈ ಸ್ವಾತಂತ್ರ್ಯ ಬೇರೆಯವರ ಕಲೆಯ ಮೇಲೆ ಪ್ರಯೋಗವಾದಾಗ ತಕರಾರೂ ಬಂತು. ಯಕ್ಷಗಾನಕ್ಕೆ ಪಿಟೀಲು, ಸ್ಯಾಕ್ಸೋಫೋನ್ ತಂದು, ಮಾತನ್ನು ಬಹುಮಟ್ಟಿಗೆ ಕತ್ತರಿಸಿ, ರಾತ್ರಿಯ ಆಟವನ್ನು ಕೆಲವೇ ಗಂಟೆಗಳ ಬ್ಯಾಲೆಯಾಗಿಸಿದರು. ಹೊರದೇಶದವರು ಮೆಚ್ಚಿದರು. ಅರ್ಥಗಾರಿಕೆಯನ್ನೇ ಉಸಿರಾಡುವ ಕರಾವಳಿಯ ಅನೇಕರಿಗೆ ಅದು ಯಕ್ಷಗಾನವೇ ಅನ್ನಿಸಲಿಲ್ಲ. ಬಣ್ಣ, ಹೆಜ್ಜೆ, ರಾಗಗಳ ವಿಷಯದಲ್ಲಿ ಕಾರಂತರ ಕಣ್ಣು ಕಿವಿ ಚುರುಕಾಗಿದ್ದವು. ಮಾತಿನ ವಿಷಯದಲ್ಲಿ ಮಾತ್ರ, ಅದೂ ಒಬ್ಬ ಕಾದಂಬರಿಕಾರ, ಅಷ್ಟು ಕಠೋರವಾದದ್ದು ಇವತ್ತಿಗೂ ಒಗಟು.

ಒಂದು ಕಲೆಯ ಕೃತಿ ಇನ್ನೊಂದಕ್ಕೆ ದಾಟುವಾಗ ನಿಷ್ಠೆ ಎಂದರೇನು ಎಂಬ ಪ್ರಶ್ನೆಗೆ ಗಿರೀಶ ಕಾಸರವಳ್ಳಿಯವರ ಚಿತ್ರಗಳು ಸಮಾಧಾನದ ಉತ್ತರ ಕೊಡುತ್ತವೆ. ಅವರ ಬಹುತೇಕ ಚಿತ್ರಗಳು ಬೇರೆಯವರ ಕತೆ ಕಾದಂಬರಿಗಳಿಂದ ಹುಟ್ಟಿದವು. ವೈದೇಹಿಯವರ ಒಂದು ಕತೆಯಲ್ಲಿ ಸಣ್ಣ ಊರಿಗೆ ಸಿನಿಮಾ ಟಾಕೀಸು ಬರುತ್ತದೆ. ಅದನ್ನು ಆಧರಿಸಿದ 2008ರ ಚಿತ್ರದಲ್ಲಿ ಸೂಲಗಿತ್ತಿ ಗುಲಾಬಿ ಮೀನುಗಾರರ ನಡುವೆ ಬದುಕುವ ಮುಸ್ಲಿಂ ಹೆಂಗಸಾಗುತ್ತಾಳೆ, ಟಾಕೀಸಿನ ಜಾಗಕ್ಕೆ ಡಿಶ್ ಆಂಟೆನಾದ ಬಣ್ಣದ ಟೀವಿ ಬರುತ್ತದೆ, ಕಾರ್ಗಿಲ್ ಕಾಲದ ಅನುಮಾನಗಳು ಮನೆಯೊಳಕ್ಕೆ ನುಗ್ಗುತ್ತವೆ. ಮೂಲದಿಂದ ಇಷ್ಟು ದೂರ ಹೋದರೂ ಸಿನಿಮಾದ ಹುಚ್ಚು ಹಿಡಿದ ಒಬ್ಬ ಒಂಟಿ ಹೆಣ್ಣಿನ ಸಣ್ಣ ಖುಷಿ ಎಂಬ ಬೀಜ ಹಾಗೆಯೇ ಇದೆ.

ಇನ್ನು ಮೌನ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ ಬಾಲಕನಾಗಿದ್ದಾಗಲೇ ದೊಡ್ಡ ಗಾಯಕರ ಗಾಯನವನ್ನು ಹಾಗೆಯೇ ಹಾಡಿ ತೋರಿಸಿ ಕುಮಾರ ಗಂಧರ್ವ ಎನ್ನಿಸಿಕೊಂಡವರು. ಯೌವನದಲ್ಲಿ ಕ್ಷಯ ತಗುಲಿತು. ಒಣಹವೆ ಹುಡುಕಿಕೊಂಡು ಮಧ್ಯಪ್ರದೇಶದ ದೇವಾಸಕ್ಕೆ ಹೋದವರು ವರ್ಷಗಳ ಕಾಲ ಹಾಡುವ ಹಾಗಿರಲಿಲ್ಲ. ಮಲಗಿದಲ್ಲಿಂದ ಕಿವಿಗೆ ಬಿದ್ದದ್ದು ಮಾಳವದ ಹೆಂಗಸರ ಹಾಡುಗಳು, ಅಲೆಮಾರಿ ಸಾಧುಗಳ ನಿರ್ಗುಣ ಪದಗಳು. ಸ್ಟ್ರೆಪ್ಟೊಮೈಸಿನ್ ಬಂದು ಜೀವ ಉಳಿಯಿತು; ಒಂದು ಶ್ವಾಸಕೋಶ ಕೈಕೊಟ್ಟಿತ್ತು. 1950ರ ದಶಕದ ಆರಂಭದಲ್ಲಿ ಮತ್ತೆ ವೇದಿಕೆ ಹತ್ತಿದವರು ಅನುಕರಣೆಯ ಆ ಬಾಲಪ್ರತಿಭೆಯಾಗಿ ಉಳಿದಿರಲಿಲ್ಲ. ಉಸಿರು ಎಳೆದೆಳೆದು ನಿಲ್ಲಿಸಲಾಗದವರು ತುಣುಕು ತುಣುಕಾಗಿ ಎಸೆದು, ನಡುವೆ ಖಾಲಿ ಬಿಟ್ಟು, ತಟ್ಟನೆ ಮೇಲೇರುವ ಗಾಯನ ಕಂಡುಕೊಂಡರು. ಜಾನಪದ ಧಾಟಿಗಳಿಂದ ಮಾಲವತಿ, ಸಂಜಾರಿಯಂಥ ಹೊಸ ರಾಗಗಳನ್ನು ಎತ್ತಿದರು. ಕಾಯಿಲೆಯನ್ನು ವರವೆಂದು ಹಾಡಿ ಹೊಗಳುವುದು ಕ್ರೂರತನ. ಆದರೆ ಕೇಳಿಸಿಕೊಳ್ಳುವುದೊಂದೇ ಕೆಲಸವಾಗಿದ್ದ ಆ ವರ್ಷಗಳನ್ನು ತೆಗೆದುಹಾಕಿದರೆ ಮುಂದಿನ ಕುಮಾರ ಗಂಧರ್ವರ ಲೆಕ್ಕ ಸಿಗುವುದಿಲ್ಲ.

ಮಲ್ಲಿಕಾರ್ಜುನ ಮನ್ಸೂರರು ರೋಗವಿಲ್ಲದೆಯೇ ಇಂಥ ಒಂದು ಮುರಿತ ತಂದುಕೊಂಡರು. ಮಿರಜಿನ ನೀಲಕಂಠಬುವಾ ಅಲೂರಮಠರಲ್ಲಿ ಗ್ವಾಲಿಯರ್ ಪದ್ಧತಿ ಕಲಿತು, ಗ್ರಾಮಫೋನ್ ತಟ್ಟೆಗಳಿಂದ ಹೆಸರು ಮಾಡಿದ ಮೇಲೆ, ಜೈಪುರ ಅತ್ರೌಲಿಯ ಮಂಜೀಖಾನರೆದುರು ಮತ್ತೆ ವಿದ್ಯಾರ್ಥಿಯಾಗಿ ಕೂತರು. ಅವರು ಬೇಗ ತೀರಿಕೊಂಡಾಗ ಭುರ್ಜಿಖಾನರ ಬಳಿ ಮುಂದುವರಿಸಿದರು. ಹೆಸರು ಬಂದವರು ಮರಳಿ ಕಲಿಯಲು ಕೂರುವುದು ಎಷ್ಟು ಕಷ್ಟವೆಂದು ಸಂಗೀತಗಾರರನ್ನೇ ಕೇಳಬೇಕು. ಕಾವ್ಯದಲ್ಲೂ ಇಂಥ ಮೌನವುಂಟು: ‘ಮೈಸೂರು ಮಲ್ಲಿಗೆ’ಯ ಜನಪ್ರಿಯತೆಯ ಭಾರ ಹೊತ್ತಿದ್ದ ಕೆ.ಎಸ್. ನರಸಿಂಹಸ್ವಾಮಿಯವರ 1960ರ ‘ಮನೆಯಿಂದ ಮನೆಗೆ’ ಸಂಕಲನಕ್ಕೂ 1976ರ ‘ತೆರೆದ ಬಾಗಿಲು’ ಸಂಕಲನಕ್ಕೂ ನಡುವೆ ಹದಿನಾರು ವರ್ಷಗಳ ಅಂತರ. ಹೊರಬಂದದ್ದು ಇನ್ನೊಬ್ಬ ಕವಿ.

ಈ ಎಲ್ಲ ಏರ್ಪಾಡುಗಳೂ ಗಂಡಸರಿಗೆ ಸಿಕ್ಕಷ್ಟು ಸುಲಭವಾಗಿ ಹೆಂಗಸರಿಗೆ ಸಿಗಲಿಲ್ಲ ಎಂಬುದನ್ನು ಸಮೀಕ್ಷೆಗಳು ಅಡಿಟಿಪ್ಪಣಿಗೆ ತಳ್ಳುವುದುಂಟು. ಎಂ.ಕೆ. ಇಂದಿರಾ ಕಾದಂಬರಿ ಬರೆಯಲು ಕೂತದ್ದು ನಲವತ್ತೈದರ ಸುಮಾರಿಗೆ. ‘ತುಂಗಭದ್ರ’ 1963ರಲ್ಲಿ, ‘ಫಣಿಯಮ್ಮ’ 1976ರಲ್ಲಿ ಬಂತು. ಅಲ್ಲಿಯವರೆಗಿನ ವರ್ಷಗಳು ಬರೆಯದ ವರ್ಷಗಳಲ್ಲ, ಬರೆಯಲು ಆಗದ ವರ್ಷಗಳು. ಹಾಸನದ ಬಾನು ಮುಷ್ತಾಕ್ ವಕೀಲಿಕೆ ಮಾಡುತ್ತ, ತಮ್ಮ ಬಳಿ ಬಂದ ಹೆಂಗಸರ ಸಂಕಟಗಳನ್ನು ಕೇಳುತ್ತ ಕತೆ ಬರೆದವರು. ದೀಪಾ ಭಾಸ್ತಿ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆಯಿತು. ಅದರೊಳಗಿನ ಹನ್ನೆರಡು ಕತೆಗಳು ಮೂರು ದಶಕಗಳಿಗೂ ಮಿಕ್ಕಿದ ಅವಧಿಯಲ್ಲಿ ಬರೆದವು. ಬಂಡಾಯ ಸಾಹಿತ್ಯ ಚಳವಳಿಯ ಒಡನಾಟ, ಕನ್ನಡದ ನಿಯತಕಾಲಿಕೆಗಳು, ಕೋರ್ಟಿನ ಕಟ್ಟೆ ಆ ಪ್ರಕ್ರಿಯೆಯನ್ನು ಜೀವಂತವಾಗಿಟ್ಟವು. ಬಹುಮಾನ ಬಂದ ದಿನ ಪಟ್ಟಣಗಳಲ್ಲಿ ಅವರ ಪುಸ್ತಕ ಹುಡುಕಿ ಹೊರಟವರಿಗೆ ಅವರು ಹೊಸಬರು. ಓದುಗರ ಒಂದು ಸಣ್ಣ ಬಳಗಕ್ಕೆ ಎಂದಿನಿಂದಲೋ ಗೊತ್ತಿದ್ದವರು.

ಹೊಟ್ಟೆಪಾಡಿನ ಮಾತು ಬಿಟ್ಟು ಸೃಜನಶೀಲತೆಯ ಚರ್ಚೆ ಪೂರ್ತಿಯಾಗದು. ಅರಮನೆಗಳ ಆಸರೆ ಹೋದ ಮೇಲೆ ಆ ಜಾಗಕ್ಕೆ ಬಂದದ್ದು ಆಕಾಶವಾಣಿ. ಆರ್.ಕೆ. ಶ್ರೀಕಂಠನ್, ವೀಣೆ ದೊರೆಸ್ವಾಮಿ ಅಯ್ಯಂಗಾರ್ ಮೊದಲಾದವರು ಅಲ್ಲಿನ ನೌಕರಿಯಲ್ಲಿ ತಿಂಗಳ ಸಂಬಳದ ಭದ್ರತೆಯ ಜೊತೆಗೆ ಇನ್ನೊಂದನ್ನೂ ಪಡೆದರು: ಮೈಕಿನ ಮುಂದೆ ಇಷ್ಟೇ ನಿಮಿಷದಲ್ಲಿ ರಾಗವನ್ನು ಮುಗಿಸುವ ಶಿಸ್ತು, ಗೀತರೂಪಕಗಳಂಥ ಹೊಸ ಪ್ರಕಾರಗಳಿಗೆ ಸಂಗೀತ ಕೂಡಿಸುವ ಅವಕಾಶ. ಶ್ರೀಕಂಠನ್ ತೊಂಬತ್ತು ದಾಟಿದ ಮೇಲೂ ಕಛೇರಿ ನೀಡಿದರು. ಹೆಗ್ಗೋಡಿನಲ್ಲಿ ಅಡಿಕೆ ಬೆಳೆಗಾರ ಕೆ.ವಿ. ಸುಬ್ಬಣ್ಣ ಕಟ್ಟಿದ್ದು ಬೇರೊಂದು ಮಾದರಿ. 1949ರಲ್ಲಿ ಊರ ಹವ್ಯಾಸಿಗಳ ಸಂಘವಾಗಿ ಹುಟ್ಟಿದ ನೀನಾಸಮ್ 1980ರಲ್ಲಿ ರಂಗಶಾಲೆ ತೆರೆಯಿತು, 1985ರಲ್ಲಿ ‘ತಿರುಗಾಟ’ ಹೊರಡಿಸಿತು. ತಂಡವೊಂದು ಕೆಲವು ನಾಟಕಗಳನ್ನು ಕಟ್ಟಿಕೊಂಡು ನಾಡು ಸುತ್ತುತ್ತದೆ. ನಿನ್ನೆ ಸುಸಜ್ಜಿತ ರಂಗಮಂದಿರ, ಇವತ್ತು ಕಾಲೇಜಿನ ಅಂಗಳ, ನಾಳೆ ಕೈಕೊಡುವ ಕರೆಂಟು. ಒಂದೆರಡು ಪ್ರದರ್ಶನಕ್ಕೇ ಮುಗಿದುಹೋಗುವ ನಗರದ ಹವ್ಯಾಸಿ ನಾಟಕಕ್ಕೆ ದಕ್ಕದ ಭಾಗ್ಯ ಇದು. ಪಾತ್ರವನ್ನು ಹತ್ತಾರು ಬಾರಿ ಹೊಸದಾಗಿ ಕಂಡುಕೊಳ್ಳಲು ನಟನಿಗೆ ಕಾಲ ಸಿಗುತ್ತದೆ. ಹೆಸರಘಟ್ಟದಲ್ಲಿ ಪ್ರೋತಿಮಾ ಬೇಡಿ 1990ರಲ್ಲಿ ತೆರೆದ ನೃತ್ಯಗ್ರಾಮವೂ ಇದೇ ನಂಬಿಕೆಯ ಮೇಲೆ ನಿಂತದ್ದು; ಅಲ್ಲಿ ಒಡಿಸ್ಸಿ ಎಂದರೆ ಸಂಜೆಯ ತರಗತಿಯಲ್ಲ, ಬೆಳಗಿನ ವ್ಯಾಯಾಮದಿಂದ ಹಿಡಿದು ಇಡೀ ದಿನದ ಬದುಕು.

ಈಗ ಏರ್ಪಾಡುಗಳು ಮತ್ತೆ ಬದಲಾಗುತ್ತಿವೆ. ಮೊಬೈಲಿನಲ್ಲಿ ಅರ್ಧ ನಿಮಿಷದ ತುಣುಕು ಹಾಕುವ ಗಾಯಕನಿಗೂ ಕಾಯುವವರಿದ್ದಾರೆ, ಗಡುವಿದೆ. ಲಂಕೇಶರ ವಾರದ ಮೂಲೆಗೂ ಇದಕ್ಕೂ ಮೇಲ್ನೋಟಕ್ಕೆ ವ್ಯತ್ಯಾಸ ಕಾಣದು. ವ್ಯತ್ಯಾಸ ಬಿಡುವಿನಲ್ಲಿದೆ: ಪತ್ತನಾಜೆ ಇಲ್ಲದ ಮೇಳ ಇದು, ವರ್ಷದ ಯಾವ ದಿನವೂ ಗೆಜ್ಜೆ ಬಿಚ್ಚುವ ಹಾಗಿಲ್ಲ.

ನಿಜವಾದ ಮೇಳಗಳಲ್ಲೂ ಬದಲಾವಣೆ ಬಂದಿದೆ. ಜನ ರಾತ್ರಿಯೆಲ್ಲ ಕೂರುವುದಿಲ್ಲ, ಧ್ವನಿವರ್ಧಕದ ನಿಯಮಗಳಿವೆ, ಬೆಳಿಗ್ಗೆ ಕೆಲಸಕ್ಕೆ ಹೋಗಬೇಕು. ಹಾಗಾಗಿ ಇತ್ತೀಚಿನ ವರ್ಷಗಳಲ್ಲಿ ಹಲವು ಮೇಳಗಳು ಕಾಲಮಿತಿಗೆ ಒಗ್ಗಿಕೊಂಡಿವೆ. ಪ್ರಸಂಗಗಳು ಬಿಗಿಯಾದವು ಎಂದು ಮೆಚ್ಚುವವರಿದ್ದಾರೆ. ಆದರೆ ಕತ್ತರಿ ಮೊದಲು ಬೀಳುವುದು ಪೂರ್ವರಂಗದ ಮೇಲೆ. ಹೊಸ ಹುಡುಗರು ಮೇಳ ಸೇರಿದ ಕೂಡಲೇ ಕೋಡಂಗಿಯಾಗಿ, ಬಾಲಗೋಪಾಲರಾಗಿ ಕುಣಿಯುತ್ತಿದ್ದದ್ದು ಅಲ್ಲಿ. ಜನ ಇನ್ನೂ ಬಂದು ಕೂರುತ್ತಿರುವ ಹೊತ್ತು, ತಾಳ ತಪ್ಪಿದರೆ ಯಾರೂ ಬೈಯದ ಹೊತ್ತು. ಆಮೇಲೆ ಚೌಕಿಯಲ್ಲಿ ಹಿರಿಯರು ಬಣ್ಣ ಹಚ್ಚುವುದನ್ನು ನೋಡುತ್ತ, ನಿದ್ದೆಗಣ್ಣಿನಲ್ಲೇ ಇಡೀ ಆಟ ಕೇಳಿಸಿಕೊಳ್ಳುತ್ತ ಅವರು ಮುಂದಿನ ವೇಷಕ್ಕೆ ತಯಾರಾಗುತ್ತಿದ್ದರು. ಉಡುಪಿಯ ಯಕ್ಷಗಾನ ಕೇಂದ್ರದಂಥ ತರಬೇತಿ ಶಾಲೆಗಳು ಹೆಜ್ಜೆ, ತಾಳ, ಬಣ್ಣಗಾರಿಕೆಯನ್ನು ಮೇಳಗಳಿಗಿಂತ ಅಚ್ಚುಕಟ್ಟಾಗಿಯೇ ಕಲಿಸುತ್ತಿವೆ. ತಪ್ಪಲು ಅವಕಾಶವಿದ್ದ ಆ ಒಂದೆರಡು ಗಂಟೆಗಳ ರಂಗವನ್ನು ಈ ಹುಡುಗರಿಗೆ ಇನ್ನೆಲ್ಲಿ ಒದಗಿಸುವುದು ಎಂಬ ಬಗ್ಗೆ ಮೇಳದ ಯಜಮಾನರಲ್ಲಿ, ಹಿರಿಯ ಭಾಗವತರಲ್ಲಿ ಇನ್ನೂ ಒಮ್ಮತವಿಲ್ಲ.